ಈರುಳ್ಳಿ ಸಿಪ್ಪೆಯ ಬಣ್ಣ ಮತ್ತು ಗಡ್ಡೆಯ ಬಾಳಿಕೆ

ಸಿಪ್ಪೆ ಕಳಚಿದ ಗಡ್ಡೆ ರಾಶಿಯಲ್ಲಿ ಮೊದಲು ಕೊಳೆಯುತ್ತದೆಂಬುದು ಈರುಳ್ಳಿ ಬೆಳೆಯುವ ರೈತರಿಗೆ ಗೊತ್ತಿರುವ ಸಂಗತಿ. ಚಿತ್ರದುರ್ಗ, ಗದಗ, ಧಾರವಾಡದ ಕಡೆ ಮುಂಗಾರು ಬೆಳೆ ಕೀಳುವ ಹೊತ್ತಿಗೇ ಮಳೆ ಹಿಡಿದರೆ ದುಡಿಮೆಯೆಲ್ಲ ತಿಪ್ಪೆ ಸೇರುವುದುಂಟು. ಸಿಪ್ಪೆ ಬರಿಯ ಹೊದಿಕೆಯಲ್ಲ. ಅದರಲ್ಲಿ ಫ್ಲೇವನಾಯ್ಡ್ ಎಂಬ ರಾಸಾಯನಿಕಗಳು ತುಂಬಿರುತ್ತವೆ.

ಸಸ್ಯದ ಜೀವಕೋಶಗಳು ಉಸಿರಾಡುವಾಗ ಆಮ್ಲಜನಕದ ಅಲ್ಪ ಭಾಗ ಅತಿ ಚುರುಕಾದ ರೂಪಗಳಿಗೆ ತಿರುಗುತ್ತದೆ. ಕಡು ಬಿಸಿಲು, ಬರ, ರೋಗಗಳಿದ್ದಾಗ ಇದು ಹೆಚ್ಚು. ಈ ಕಣಗಳು ಪಕ್ಕದ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಕೋಶದ ಪೊರೆಯಲ್ಲಿನ ಕೊಬ್ಬಿಗೆ ಇದು ತಗುಲಿದರೆ ಒಂದು ಅಣುವಿನಿಂದ ಇನ್ನೊಂದಕ್ಕೆ ಹಬ್ಬುತ್ತ ಪೊರೆ ಹಾಳಾಗುತ್ತದೆ. ಹಳೆಯ ಎಣ್ಣೆ ಕಮಟು ಹಿಡಿಯುವುದೂ ಇದೇ ಬಗೆಯ ಕ್ರಿಯೆ. ಫ್ಲೇವನಾಯ್ಡು ತನ್ನದೇ ಜಲಜನಕವನ್ನು ಕೊಟ್ಟು ಆ ಕಣವನ್ನು ತಣಿಸುತ್ತದೆ. ಕೊಟ್ಟ ಮೇಲೂ ಅದು ಅಷ್ಟಾಗಿ ಚುರುಕಾಗುವುದಿಲ್ಲವಾದ್ದರಿಂದ ಸರಪಳಿ ಅಲ್ಲಿಗೆ ಕಡಿಯುತ್ತದೆ. ಇಂಥ ಕ್ರಿಯೆಗೆ ಕುಮ್ಮಕ್ಕು ಕೊಡುವ ಕಬ್ಬಿಣ, ತಾಮ್ರಗಳನ್ನೂ ಕೆಲವು ಫ್ಲೇವನಾಯ್ಡುಗಳು ಹಿಡಿದಿಡುತ್ತವೆ.

ಈರುಳ್ಳಿಯಲ್ಲಿ ಮುಖ್ಯವಾದದ್ದು ಕ್ವರ್ಸೆಟಿನ್ ಎಂಬ ಹಳದಿ ದ್ರವ್ಯ. ಕೆಂಪು ಬಣ್ಣ ತರುವ ಆಂಥೋಸಯನಿನ್ ಕೂಡ ಇದೇ ಗುಂಪಿನದು. ಹೊರ ಪದರಗಳಲ್ಲಿ ಕ್ವರ್ಸೆಟಿನ್ ಹೆಚ್ಚು, ಒಳಗೆ ಹೋದಂತೆ ಕಡಿಮೆ. ಬಿಳಿ ಈರುಳ್ಳಿಯಲ್ಲಿ ತೀರ ಅಲ್ಪ. ಅಮೆರಿಕದ ಲಿಂಕ್ ಮತ್ತು ವಾಕರ್ ಎಂಬ ವಿಜ್ಞಾನಿಗಳು 1930ರ ಸುಮಾರಿಗೆ ಇದಕ್ಕೆ ಸಂಬಂಧಿಸಿದ ಸ್ವಾರಸ್ಯದ ಸಂಗತಿಯೊಂದನ್ನು ತೋರಿಸಿಕೊಟ್ಟರು. ಬಿಳಿ ಗಡ್ಡೆಗಳಿಗೆ ಮಸಿಯಂಥ ಕಲೆ ತರುವ ಶಿಲೀಂಧ್ರವೊಂದು ಬಣ್ಣದ ಗಡ್ಡೆಗಳನ್ನು ಮುಟ್ಟುತ್ತಿರಲಿಲ್ಲ. ಬಣ್ಣದ ಒಣ ಸಿಪ್ಪೆಯಿಂದ ನೀರಿಗೆ ಇಳಿಯುವ ಕ್ಯಾಟೆಕಾಲ್ ಮತ್ತು ಪ್ರೊಟೊಕ್ಯಾಟೆಕ್ಯೂಯಿಕ್ ಆಮ್ಲಗಳು ಅದರ ಬೀಜಾಣು ಮೊಳೆಯಲು ಬಿಡುತ್ತಿರಲಿಲ್ಲ. ಸಿಪ್ಪೆ ಒಣಗುವಾಗ ಕ್ವರ್ಸೆಟಿನ್ ತಾನೇ ಉತ್ಕರ್ಷಣಗೊಂಡು ಈ ಆಮ್ಲವಾಗುತ್ತದೆಂಬುದು ಮುಂದೆ ತಿಳಿದುಬಂತು. ಹಸಿ ಪದರದಲ್ಲಿ ಒಂದು ಕೆಲಸ, ಒಣಗಿದ ಮೇಲೆ ಇನ್ನೊಂದು.

ಆದರೆ ಬಣ್ಣವನ್ನೇ ನಂಬಿ ಕೂರುವಂತಿಲ್ಲ. ಹಸಿ ಕುತ್ತಿಗೆಯ ಮೂಲಕ ಒಳನುಗ್ಗುವ ಕೊಳೆರೋಗಕ್ಕೆ ಸಿಪ್ಪೆ ಅಡ್ಡಿಯಾಗದು. ಆದ್ದರಿಂದ ಕೀಳುವ 10–15 ದಿನ ಮೊದಲು ನೀರು ನಿಲ್ಲಿಸಬೇಕು. ಯೂರಿಯಾವನ್ನು ತಡವಾಗಿ ಕೊಟ್ಟರೆ ಕುತ್ತಿಗೆ ದಪ್ಪವಾಗಿ ಒಣಗುವುದಿಲ್ಲ. ಎಷ್ಟೋ ಕಡೆ ನಷ್ಟ ಶುರುವಾಗುವುದೇ ಇಲ್ಲಿಂದ. ಕಿತ್ತ ಗಡ್ಡೆಗಳನ್ನು ಸಾಲಾಗಿ ಹರಡಿ, ಒಂದು ಸಾಲಿನ ಗಡ್ಡೆಯನ್ನು ಇನ್ನೊಂದರ ಎಲೆ ಮುಚ್ಚುವಂತೆ ಮೂರು ದಿನಕ್ಕೆ ಕಡಿಮೆಯಿಲ್ಲದಂತೆ ಬಾಡಿಸಬೇಕು. ಅನಂತರ 2–2.5 ಸೆಂ.ಮೀ. ಕುತ್ತಿಗೆ ಉಳಿಸಿ ಎಲೆ ಕತ್ತರಿಸಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಮಳೆ ಬಂತೆಂದು ಒದ್ದೆ ರಾಶಿಯ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸುವುದು ಕೊಳೆಗೆ ಆಹ್ವಾನವಿತ್ತಂತೆ.

ಇನ್ನು ಅಡಿಗೆಯ ಮಾತು. 1936ರಲ್ಲಿ ಹಂಗೇರಿಯ ಸೆಂಟ್-ಗ್ಯೋರ್ಗಿ ಫ್ಲೇವನಾಯ್ಡುಗಳನ್ನು 'ವಿಟಮಿನ್ ಪಿ' ಎಂದು ಕರೆದಿದ್ದರು. ಆ ಹೆಸರು ನಿಲ್ಲಲಿಲ್ಲ. ತಿಂದ ಕ್ವರ್ಸೆಟಿನ್ ಕರುಳು, ಯಕೃತ್ತುಗಳಲ್ಲಿ ಬಹುಮಟ್ಟಿಗೆ ರೂಪ ಬದಲಿಸುವುದರಿಂದ ಈರುಳ್ಳಿಯನ್ನು ಔಷಧವೆಂದು ಎಣಿಸಬಾರದು. ಆದರೂ ಹೆಚ್ಚುವಾಗ ಒಣ ಸಿಪ್ಪೆಯೊಡನೆ ಎರಡು ಮೂರು ರಸಭರಿತ ಪದರಗಳನ್ನೂ ಕಿತ್ತೆಸೆಯುವುದು ಬೇಡ. ಬೇಯಿಸಿದಾಗ ಸ್ವಲ್ಪ ಭಾಗ ನೀರಿಗೆ ಇಳಿಯುತ್ತದೆ. ಆ ನೀರನ್ನು ಬಸಿದು ಚೆಲ್ಲದೆ ಸಾರಿಗೆ ಹಾಕಬಹುದು.