ಸಂಘದ ಲೆಕ್ಕಕ್ಕೆ ಮೂರು ಕಾವಲು



ನೆರೆಯವನ ಮೇಲೆ ಸಂಶಯಪಟ್ಟು ಯಾರೂ ಹೊಲಕ್ಕೆ ಬೇಲಿ ಹಾಕುವುದಿಲ್ಲ. ದನ ಯಾರದೇ ಇರಲಿ, ದಾರಿ ತೆರೆದಿದ್ದರೆ ಒಳಗೆ ನುಗ್ಗುತ್ತದೆ; ಅದಕ್ಕೇ ಬೇಲಿ. ಸಂಘದ ಹಣಕ್ಕೂ ಇಂಥದೇ ಒಂದು ಬೇಲಿ ಬೇಕು. ಲೆಕ್ಕ ಬಲ್ಲವರು ಅದನ್ನು 'ಆಂತರಿಕ ನಿಯಂತ್ರಣ' ಎಂದು ಕರೆಯುತ್ತಾರೆ. ಹೆಸರು ದೊಡ್ಡದು, ವಿಷಯ ಸರಳ. ಈ ಪಾಠದಲ್ಲಿ ಅದನ್ನು ತಿಳಿಯೋಣ.

ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಕೆಲಸ ಮಾಡುತ್ತಿವೆ. ಜನರ ಬಾಯಲ್ಲಿ ಅವು 'ಪಿಕೆಪಿಎಸ್'. ಬೀದರ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿನಿಂದ, ಅಂದರೆ ಡಿಸಿಸಿ ಬ್ಯಾಂಕಿನಿಂದ, ಹಣ ಪಡೆದು ಅವು ಸದಸ್ಯರಿಗೆ ಬೆಳೆಸಾಲ ಕೊಡುತ್ತವೆ. ಹಿಂದೆ ಈ ಸಂಘಗಳ ಲೆಕ್ಕವೆಲ್ಲ ಕಿರ್ದಿ, ಖತಾವಣಿಗಳಲ್ಲಿ ಇರುತ್ತಿತ್ತು. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು ದೇಶದ 63,000 ಇಂಥ ಸಂಘಗಳಿಗೆ ಕಂಪ್ಯೂಟರ್ ಲೆಕ್ಕ ಅಳವಡಿಸಲು 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ಕಂಪ್ಯೂಟರ್ ಬಂದ ಮೇಲೆ ಲೆಕ್ಕದಲ್ಲಿ ಮೋಸವಾಗಲಿ ತಪ್ಪಾಗಲಿ ಉಳಿಯುವುದಿಲ್ಲವೇ? ಉಳಿಯುತ್ತದೆ. ಯಂತ್ರವು ಕೂಡುವುದನ್ನು, ಕಳೆಯುವುದನ್ನು ತಪ್ಪಿಲ್ಲದೆ ಮಾಡುತ್ತದೆ. ಆದರೆ ಅದಕ್ಕೆ ಯಾರೂ ಹೇಳದ ಮಾತು ಅದಕ್ಕೆ ಗೊತ್ತಾಗುವುದಿಲ್ಲ.

ಎರಡು ಬಗೆಯ ನಷ್ಟ

ಒಂದು ಸಂಘದ ಒಂದು ದಿನದ ಲೆಕ್ಕವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ.

ಆರಂಭದ ಶಿಲ್ಕು: 18,400 ರೂ.
ಮೂವರು ಸದಸ್ಯರಿಂದ ಸಾಲ ವಸೂಲಿ: 45,500 ರೂ.
ಗೊಬ್ಬರದ ಮಾರಾಟ: 21,300 ರೂ.
ಒಟ್ಟು: 85,200 ರೂ.
ಡಿಸಿಸಿ ಬ್ಯಾಂಕಿಗೆ ಕಟ್ಟಿದ್ದು: 60,000 ರೂ.
ಹಮಾಲಿ ಮತ್ತು ಬಾಡಿಗೆ: 1,250 ರೂ.
ಅಖೈರು ಶಿಲ್ಕು: 23,950 ರೂ.

ಸಂಜೆ ಪೆಟ್ಟಿಗೆ ಎಣಿಸಿದಾಗ 22,950 ರೂಪಾಯಿ ಮಾತ್ರ ಸಿಕ್ಕಿತೆನ್ನಿ. ಒಂದು ಸಾವಿರ ಕಡಿಮೆ ಬಿದ್ದದ್ದು ಆಗಲೇ ಗೊತ್ತಾಯಿತು. ಅಂದೇ ಹುಡುಕಬಹುದು. ಇದು ಮೊದಲನೆಯ ಬಗೆ.

ಈಗ ಎರಡನೆಯದನ್ನು ನೋಡಿರಿ. ಅಂದು ನಾಲ್ಕನೆಯ ಸದಸ್ಯರೊಬ್ಬರು 8,500 ರೂಪಾಯಿ ಕಟ್ಟಿ ಹೋದರು. ಹಣ ಪೆಟ್ಟಿಗೆಗೆ ಬೀಳಲಿಲ್ಲ, ಲೆಕ್ಕಕ್ಕೂ ಏರಲಿಲ್ಲ. ಸಂಜೆ ಪುಸ್ತಕದಲ್ಲಿ 23,950, ಪೆಟ್ಟಿಗೆಯಲ್ಲಿಯೂ 23,950. ತಾಳೆ ಸರಿಯಾಗಿದೆ! ಅಧ್ಯಕ್ಷರು ಸಹಿ ಹಾಕುತ್ತಾರೆ, ಕಂಪ್ಯೂಟರ್ ದಿನದ ಲೆಕ್ಕ ಮುಗಿಸುತ್ತದೆ. ಆ 8,500 ರೂಪಾಯಿಗೆ ಲೋಕದಲ್ಲಿ ಒಂದೇ ಸಾಕ್ಷಿ: ಸದಸ್ಯರ ಕೈಯಲ್ಲಿರುವ ರಸೀದಿ. ಅದೂ ಅವರು ಕೇಳಿ ಪಡೆದಿದ್ದರೆ!

ಬರೆದ ಹಣ ಕಳೆದರೆ ಪೆಟ್ಟಿಗೆ ಹೇಳುತ್ತದೆ. ಬರೆಯದ ಹಣ ಕಳೆದರೆ ರಸೀದಿ ಹೇಳಬೇಕು. ಈ ಪಾಠದ ಸಾರ ಇಷ್ಟೇ.

ಇದರಿಂದ ಆಗುವ ಕಷ್ಟ 8,500 ರೂಪಾಯಿಗೇ ಮುಗಿಯುವುದಿಲ್ಲ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಬೆಳೆಸಾಲಕ್ಕೆ ಬಡ್ಡಿ ಇಲ್ಲದ ಸೌಲಭ್ಯವು ಅವಧಿಗೆ ಸರಿಯಾಗಿ ಮರುಪಾವತಿ ಮಾಡಿದವರಿಗೆ ದೊರೆಯುತ್ತದೆ. ಕಟ್ಟಿದ ಹಣ ಲೆಕ್ಕಕ್ಕೆ ಏರದಿದ್ದರೆ ಆ ಸದಸ್ಯರು ಬಾಕಿದಾರರ ಪಟ್ಟಿಗೆ ಬೀಳುತ್ತಾರೆ. ಬಡ್ಡಿ ಹತ್ತುತ್ತದೆ. ಮುಂಗಾರಿನಲ್ಲಿ ಸೋಯಾ, ತೊಗರಿ ಬೀಜಕ್ಕೆ ಹಣ ಬೇಕಾದ ಹೊತ್ತಿಗೆ ಹೊಸ ಸಾಲ ನಿಂತುಹೋಗುತ್ತದೆ.

ದೊಡ್ಡ ಬ್ಯಾಂಕಿನಲ್ಲಿ ಆದದ್ದು

ಇಂಥ ತೆರವು ದಾರಿ ಹಳ್ಳಿಯ ಸಂಘದಲ್ಲಿ ಮಾತ್ರ ಇರುತ್ತದೆಂದು ತಿಳಿಯಬೇಡಿರಿ. 2018ರ ಫೆಬ್ರುವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕು ತನ್ನ ಮುಂಬಯಿಯ ಒಂದು ಶಾಖೆಯಲ್ಲಿ ಸುಮಾರು 11,400 ಕೋಟಿ ರೂಪಾಯಿಗಳ ಅಕ್ರಮ ವ್ಯವಹಾರ ನಡೆದಿದೆಯೆಂದು ತಿಳಿಸಿತು. ಹೊರದೇಶದ ಬ್ಯಾಂಕ್ ಶಾಖೆಗಳಿಗೆ 'ಈ ಸಾಲಕ್ಕೆ ನಾವು ಹೊಣೆ' ಎಂಬ ಪತ್ರಗಳು 'ಸ್ವಿಫ್ಟ್' ಎಂಬ ಸಂದೇಶ ವ್ಯವಸ್ಥೆಯ ಮೂಲಕ ಹೋಗಿದ್ದವು. ಆದರೆ ಬ್ಯಾಂಕಿನ ಮುಖ್ಯ ಲೆಕ್ಕದ ಕಂಪ್ಯೂಟರಿನಲ್ಲಿ ಅವನ್ನು ನಮೂದಿಸಿರಲಿಲ್ಲ. ಎರಡು ವ್ಯವಸ್ಥೆಗಳಿಗೂ ಕೊಂಡಿ ಇರಲಿಲ್ಲ. ಆದ್ದರಿಂದ ವರ್ಷಗಟ್ಟಲೆ ಲೆಕ್ಕ ಸರಿಯಾಗಿಯೇ ಕಂಡಿತು. ಆಮೇಲೆ ರಿಸರ್ವ್ ಬ್ಯಾಂಕು ಈ ಎರಡನ್ನೂ ಜೋಡಿಸಲು ಎಲ್ಲ ಬ್ಯಾಂಕುಗಳಿಗೆ 2018ರ ಏಪ್ರಿಲ್ 30ರ ಗಡುವು ಕೊಟ್ಟಿತು. ನಮ್ಮ 8,500 ರೂಪಾಯಿಯ ಕಥೆಯೂ ಇದೇ ಜಾತಿಯದು: ಒಂದು ಕಡೆ ನಡೆದದ್ದು ಇನ್ನೊಂದು ಕಡೆ ಏರಲಿಲ್ಲ.

ಮೊದಲನೆಯ ಕಾವಲು: ಕೆಲಸ ಹಂಚುವುದು

ಕೃಷಿ ಮಾರುಕಟ್ಟೆಯಲ್ಲಿ ಕೊಳ್ಳುವವನೇ ತೂಕ ಹಾಕಿ, ಅವನೇ ಪಟ್ಟಿ ಬರೆದರೆ ನೀವು ಒಪ್ಪುವಿರಾ? ತೂಕ ಮಾಡುವವನು ಬೇರೆ ಇರಬೇಕೆನ್ನುತ್ತೀರಿ. ಸಂಘದಲ್ಲಿಯೂ ಹಣ ಮುಟ್ಟುವವರು, ಲೆಕ್ಕ ಬರೆಯುವವರು, ಮಂಜೂರು ಮಾಡುವವರು ಬೇರೆ ಬೇರೆ ಇರಬೇಕು. ಕಂಪ್ಯೂಟರಿನಲ್ಲಿ ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಿದ ಮೇಲೆಯೇ ಅದು ಖಾತೆಗೆ ಏರಬೇಕು. ಇದಕ್ಕಾಗಿ ಇಬ್ಬರಿಗೂ ಬೇರೆ ಬೇರೆ ಗುಪ್ತಪದ, ಅಂದರೆ ಪಾಸ್‌ವರ್ಡ್, ಇರುತ್ತದೆ. ಒಬ್ಬರದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟರೆ ಇಬ್ಬರೂ ಒಬ್ಬರಾದಂತೆಯೇ. ತಿಜೋರಿಯ ಎರಡು ಕೀಲಿಕೈ ಒಂದೇ ಜೇಬಿನಲ್ಲಿ ಇಟ್ಟಂತೆ.

ಇಂಗ್ಲೆಂಡಿನಲ್ಲಿ 1762ರಲ್ಲಿ ಹುಟ್ಟಿದ ಬೇರಿಂಗ್ಸ್ ಎಂಬ ಬ್ಯಾಂಕು 1995ರಲ್ಲಿ ಮುಳುಗಿತು. ಅದರ ಸಿಂಗಪುರದ ಕಚೇರಿಯಲ್ಲಿ ವ್ಯಾಪಾರ ಮಾಡುವುದೂ, ಆ ವ್ಯಾಪಾರದ ಲೆಕ್ಕ ನೋಡುವುದೂ ಒಬ್ಬನದೇ ಅಧೀನದಲ್ಲಿದ್ದವು. ಅವನು ನಷ್ಟವನ್ನು ಬೇರೊಂದು ಖಾತೆಯಲ್ಲಿ ಮುಚ್ಚಿಡುತ್ತಾ ಹೋದ. ಇನ್ನೂರು ವರ್ಷ ಬಾಳಿದ ಆ ಬ್ಯಾಂಕು ಕೊನೆಗೆ ಕೇವಲ ಒಂದು ಪೌಂಡಿಗೆ ಮಾರಾಟವಾಯಿತು.

'ನಮ್ಮ ಸಂಘದಲ್ಲಿ ಇರುವವರೇ ಒಬ್ಬರು, ಹಂಚುವುದು ಹೇಗೆ?' ಎಂದು ಕೇಳಬಹುದು. ಆಗ ನಿರ್ದೇಶಕರು ಸರದಿಯಂತೆ ಆ ಎರಡನೆಯ ಕೈ ಆಗಬೇಕು. ವಾರಕ್ಕೊಮ್ಮೆ, ಮುಂಚೆ ತಿಳಿಸದೆ ಬಂದು, ಪೆಟ್ಟಿಗೆ ಎಣಿಸಿ, ರಸೀದಿ ಪುಸ್ತಕದ ಪ್ರತಿಗಳನ್ನು ಕಿರ್ದಿಯೊಂದಿಗೆ ಹೋಲಿಸಿ ಸಹಿ ಹಾಕಬೇಕು.

ಎರಡನೆಯ ಕಾವಲು: ತಾಳೆ ನೋಡುವುದು

ದಿನಕ್ಕೊಮ್ಮೆ ಪೆಟ್ಟಿಗೆಯನ್ನು ಪುಸ್ತಕದೊಂದಿಗೆ, ತಿಂಗಳಿಗೊಮ್ಮೆ ಸಂಘದ ಪುಸ್ತಕವನ್ನು ಡಿಸಿಸಿ ಬ್ಯಾಂಕಿನ ಪುಸ್ತಕದೊಂದಿಗೆ, ಆಗಾಗ ಗೋದಾಮಿನ ಗೊಬ್ಬರದ ಚೀಲಗಳನ್ನು ದಾಸ್ತಾನು ಪುಸ್ತಕದೊಂದಿಗೆ ಹೋಲಿಸಬೇಕು. ರಸೀದಿಗಳಿಗೆ ಅನುಕ್ರಮ ಸಂಖ್ಯೆ ಇರಬೇಕು. 41 ಆದ ಮೇಲೆ 43 ಬಂದರೆ 42 ಎಲ್ಲಿ ಹೋಯಿತೆಂದು ಕೇಳಲೇಬೇಕು. ತಪ್ಪು ನಮೂದನ್ನು ಅಳಿಸಕೂಡದು. ಅದನ್ನು ಹಾಗೆಯೇ ಉಳಿಸಿ, ಸರಿಪಡಿಸುವ ಇನ್ನೊಂದು ನಮೂದು ಬರೆಯತಕ್ಕದ್ದು. ಕಂಪ್ಯೂಟರಿನ ಲೆಕ್ಕದ ಒಂದು ಪ್ರತಿಯನ್ನು ಬೇರೆ ಕಡೆ ಕಾಪಾಡಬೇಕು. ಬೀಜದ ಕಾಳನ್ನೆಲ್ಲ ಒಂದೇ ಹಗೇವಿನಲ್ಲಿ ಇಡುವುದು ಜಾಣತನವಲ್ಲ.

ಎಲ್ಲಕ್ಕೂ ಒಂದೇ ಸಮನಾದ ಕಾವಲು ಬೇಕಿಲ್ಲ. ಎರಡು ಮಾತು ಕೇಳಿಕೊಳ್ಳಿರಿ: ಈ ಅಪಾಯ ಎಷ್ಟು ಸಲ ಬರಬಹುದು? ಬಂದರೆ ಎಷ್ಟು ಹಾನಿ? ಕಚೇರಿಯ ಕಾಗದ, ಪೆನ್ನಿಗೆ ಇಬ್ಬರ ಸಹಿ ಬೇಡ. ಸಾಲದ ಮಂಜೂರಾತಿಗೆ, ನಗದಿಗೆ, ಗೊಬ್ಬರಕ್ಕೆ ಬೇಕು.

ಮೂರನೆಯ ಕಾವಲು: ನೀವು

ಮೊದಲೆರಡು ಕಾವಲು ಬರೆದ ಹಣವನ್ನು ಕಾಯುತ್ತವೆ. ಬರೆಯದ ಹಣವನ್ನು ಹಿಡಿಯುವವರು ಸದಸ್ಯರೇ. ಆದ್ದರಿಂದ:

1. ಹಣ ಕಟ್ಟಿದ ಕ್ಷಣವೇ ಸಂಖ್ಯೆಯುಳ್ಳ ರಸೀದಿ ಪಡೆಯಿರಿ. 'ನಾಳೆ ಕೊಡುತ್ತೇನೆ' ಎಂದರೆ ಹಣವನ್ನೂ ನಾಳೆಯೇ ಕೊಡಿರಿ.
2. ಕೆಲವು ದಿನಗಳಲ್ಲಿ ಪಾಸ್ ಪುಸ್ತಕ ಬರೆಯಿಸಿ, ರಸೀದಿಯೊಂದಿಗೆ ಹೋಲಿಸಿರಿ.
3. ಖಾಲಿ ಕಾಗದಕ್ಕೆ, ತುಂಬದ ಅರ್ಜಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿರಿ. ಬೆರಳಚ್ಚಿನ ಯಂತ್ರಕ್ಕೆ ಬೆರಳಿಡುವ ಮುನ್ನ 'ಯಾವುದಕ್ಕೆ, ಎಷ್ಟು?' ಎಂದು ಕೇಳಿರಿ. ಮೊಬೈಲಿಗೆ ಬಂದ ಒಟಿಪಿ ಸಂಖ್ಯೆಯನ್ನು ಯಾರಿಗೂ ಹೇಳಬೇಡಿರಿ.
4. ಔರಾದ, ಭಾಲ್ಕಿ ಕಡೆಯ ಕೆಲವು ಹಿರಿಯರಿಗೆ ಮರಾಠಿ ಮಾತ್ರ ಓದಲು ಬರುತ್ತದೆ. ಕೆಲವರಿಗೆ ಯಾವ ಅಕ್ಷರವೂ ಬಾರದು. ಅವರು ಶಾಲೆಗೆ ಹೋಗುವ ಮನೆಯ ಮಗುವಿನಿಂದ ರಸೀದಿ ಓದಿಸಿಕೊಳ್ಳಲಿ. ಇದರಲ್ಲಿ ನಾಚಿಕೆಯಿಲ್ಲ.
5. ಹಣಕಾಸು ವರ್ಷ ಮುಗಿದ ಆರು ತಿಂಗಳೊಳಗೆ ನಡೆಯುವ ವಾರ್ಷಿಕ ಮಹಾಸಭೆಗೆ ಹೋಗಿರಿ. ಲೆಕ್ಕಪರಿಶೋಧಕರು ಎತ್ತಿದ ಆಕ್ಷೇಪಣೆಗಳನ್ನು ಓದಿಸಿರಿ. ಹಿಂದಿನ ವರ್ಷದವು ಏನಾದವೆಂದು ಕೇಳಿರಿ.

ಕಾನೂನಿನ ಆಸರೆಯೂ ಇದೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ 63ನೆಯ ಪ್ರಕರಣವು ಲೆಕ್ಕಪರಿಶೋಧನೆಗೆ, 64ನೆಯದು ವಿಚಾರಣೆಗೆ ಸಂಬಂಧಿಸಿದವು. ಸಂಘಕ್ಕೆ ನಷ್ಟ ಮಾಡಿದವರಿಂದ ಹಣ ವಸೂಲು ಮಾಡಲು 69ನೆಯ ಪ್ರಕರಣದಲ್ಲಿ ಅವಕಾಶವಿದೆ. ಆದರೆ ವಿಚಾರಣೆಗೆ ಕಾಗದ ಬೇಕು. ರಸೀದಿ ಇಲ್ಲದ ದೂರು ಸಾಕ್ಷಿಯಿಲ್ಲದ ಜಗಳ.

ರಸೀದಿ ಕೇಳಿದರೆ ಕಾರ್ಯದರ್ಶಿಗೆ ಅವಮಾನವೆಂದು ಹಲವರು ಸುಮ್ಮನಿರುತ್ತಾರೆ. ಪ್ರಾಮಾಣಿಕ ಕಾರ್ಯದರ್ಶಿಗೆ ರಸೀದಿಯೇ ರಕ್ಷೆ. ನಾಳೆ ಯಾರಾದರೂ ಅವರ ಮೇಲೆ ಸುಳ್ಳು ಆರೋಪ ಹೊರಿಸಿದರೆ, ಅವರನ್ನು ಉಳಿಸುವುದೂ ಅದೇ ಕಾಗದ.

ಚಾವಡಿಯಲ್ಲಿ ಕುಳಿತು ಚರ್ಚಿಸಲು ಪ್ರಶ್ನೆಗಳು

1. ಪೆಟ್ಟಿಗೆ ಮತ್ತು ಪುಸ್ತಕ ತಾಳೆಯಾದರೂ ಹಣ ಕಳೆದಿರಬಹುದು. ಹೇಗೆ?
2. ನಿಮ್ಮ ಸಂಘದಲ್ಲಿ ಹಣ ಮುಟ್ಟುವವರು ಯಾರು, ಲೆಕ್ಕ ಬರೆಯುವವರು ಯಾರು? ಒಬ್ಬರೇ ಆಗಿದ್ದರೆ ಎರಡನೆಯ ಕೈ ಯಾರದು?
3. ನೀವು ಕಳೆದ ಸಲ ಕಟ್ಟಿದ ಹಣದ ರಸೀದಿ ಈಗ ಎಲ್ಲಿದೆ? ಮನೆಗೆ ಹೋಗಿ ಹುಡುಕಿ, ಪಾಸ್ ಪುಸ್ತಕದೊಂದಿಗೆ ಹೋಲಿಸಿ ನೋಡಿರಿ.