ಪ್ರಮಾಣಪತ್ರ ಕೊಡುವವರಿಗೆ ಅಧಿಕಾರ ಕೊಟ್ಟವರು ಯಾರು?

(ಆಹಾರ ಪರೀಕ್ಷೆ ಹಾಗೂ ಸಾವಯವ ಪ್ರಮಾಣನದ ಬಗ್ಗೆ ರೈತರು ತಿಳಿದಿರಬೇಕಾದ ಅಂಶಗಳು)

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಭದ್ರಾ ಜಲಾಶಯದ ಊರು. ಈ ಭಾಗದ ಬೇಸಾಯಗಾರರು ಭತ್ತ, ಅಡಿಕೆ, ತೆಂಗು ಬೆಳೆಯುತ್ತಾರೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿಯನ್ನೂ ಹಬ್ಬಿಸುತ್ತಾರೆ. ಬಿತ್ತನೆ ಭತ್ತ ಕೊಳ್ಳುವಾಗ ಚೀಲದ ಮೇಲಿನ ನೀಲಿ ಚೀಟಿಯನ್ನು ನೋಡುವುದು ರೈತರಿಗೆ ರೂಢಿ. 1966ರ ಬೀಜ ಕಾಯಿದೆಯ ಪ್ರಕಾರ ಅಧಿಕಾರ ಪಡೆದ ಪ್ರಮಾಣನ ಸಂಸ್ಥೆ ಕೊಟ್ಟದ್ದರಿಂದಲೇ ಆ ಚೀಟಿಗೆ ಬೆಲೆ. ಆಹಾರ ಪದಾರ್ಥಗಳ ಪರೀಕ್ಷಾ ವರದಿಗೂ ಸಾವಯವ ಪತ್ರಕ್ಕೂ ಇದೇ ಮಾತು ಸಲ್ಲುತ್ತದೆ.

ಕಾಯಿದೆ ಎಲ್ಲಿಂದ ಅನ್ವಯಿಸುತ್ತದೆ?

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ರೈತನಿಗೂ, ಹೊಲದ ಮಟ್ಟದಲ್ಲಿ ಅವನು ಬೆಳೆದ ಬೆಳೆಗೂ ಅನ್ವಯಿಸುವುದಿಲ್ಲ. ಆದರೆ ಅದೇ ಭತ್ತವನ್ನು ಅಕ್ಕಿ ಮಾಡಿಸಿ, ಪೊಟ್ಟಣ ಕಟ್ಟಿ, ಸಂಘದ ಹೆಸರು ಅಚ್ಚು ಹಾಕಿಸಿ ಮಾರಹೊರಟರೆ ಅದು ಆಹಾರ ವ್ಯಾಪಾರವಾಗುತ್ತದೆ. ಆಗ ನೋಂದಣಿ ಅಥವಾ ಪರವಾನಗಿ ಬೇಕು. ಅಧಿಕಾರಿಗಳು ಮಾದರಿ ತೆಗೆಯಲೂಬಹುದು.

ಪ್ರಯೋಗಾಲಯಕ್ಕೆ ಮಾನ್ಯತೆ ಸಿಗುವ ಬಗೆ

ದೇಶದ ಎಲ್ಲ ಮಾದರಿಗಳನ್ನೂ ಸರ್ಕಾರ ತನ್ನ ಪ್ರಯೋಗಾಲಯಗಳಲ್ಲೇ ಪರೀಕ್ಷಿಸುವುದು ಸಾಧ್ಯವಿಲ್ಲ. ಆದುದರಿಂದ ಹೊರಗಿನ ಪ್ರಯೋಗಾಲಯಗಳಿಗೂ ಈ ಕೆಲಸ ವಹಿಸಲು ಕಾಯಿದೆಯ 43ನೆಯ ಪ್ರಕರಣ ಅವಕಾಶ ಕೊಡುತ್ತದೆ. ಇದರಲ್ಲಿ ಎರಡು ಹಂತಗಳಿವೆ.

1. ಪ್ರಯೋಗಾಲಯವು ಎನ್.ಎ.ಬಿ.ಎಲ್. ಎಂಬ ರಾಷ್ಟ್ರೀಯ ಮಂಡಳಿಯಿಂದ ಅಥವಾ ಅಂಥ ಬೇರೊಂದು ಸಂಸ್ಥೆಯಿಂದ ಅರ್ಹತೆ ಪಡೆಯತಕ್ಕದ್ದು. ಉಪಕರಣ, ಸಿಬ್ಬಂದಿ, ಪರೀಕ್ಷಾ ವಿಧಾನ ಇವೆಲ್ಲವನ್ನೂ ಇಲ್ಲಿ ತಪಾಸಣೆ ಮಾಡುತ್ತಾರೆ.

2. ಅನಂತರ ಆಹಾರ ಪ್ರಾಧಿಕಾರವು ಅದನ್ನು ಅಧಿಸೂಚನೆಯ ಮೂಲಕ ಮಾನ್ಯ ಮಾಡಬೇಕು. ನಿಯಮ ಮೀರಿದರೆ ಈ ಮಾನ್ಯತೆಯನ್ನು ತಡೆಹಿಡಿಯಬಹುದು, ರದ್ದುಮಾಡಲೂಬಹುದು.

ಅರ್ಹತೆ ಇಂತಿಷ್ಟೇ ಪರೀಕ್ಷೆಗಳಿಗೆಂದು ಇರುತ್ತದೆ ಎಂಬುದನ್ನು ಮರೆಯಬಾರದು. ಮೆಣಸಿನ ತೇವಾಂಶ ಅಳೆಯಲು ಅರ್ಹತೆ ಪಡೆದ ಪ್ರಯೋಗಾಲಯಕ್ಕೆ ಕೀಟನಾಶಕದ ಶೇಷಾಂಶ ಅಳೆಯುವ ಅರ್ಹತೆ ಇಲ್ಲದಿರಬಹುದು.

ಮಾದರಿ ತೆಗೆದಾಗ ನಿಮಗಿರುವ ಹಕ್ಕು

ಅಧಿಕಾರಿ ತೆಗೆದ ಮಾದರಿಯನ್ನು ಸಾಮಾನ್ಯವಾಗಿ ನಾಲ್ಕು ಭಾಗ ಮಾಡುತ್ತಾರೆ. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಭಾಗ ನಿಯೋಜಿತ ಅಧಿಕಾರಿಗೆ ಹೋಗುತ್ತವೆ. ನಾಲ್ಕನೆಯ ಭಾಗವನ್ನು ಅರ್ಹ ಪ್ರಯೋಗಾಲಯಕ್ಕೆ ಕಳಿಸಿರೆಂದು ಮಾರಾಟಗಾರ ಆಗಲೇ ಕೇಳಿಕೊಳ್ಳಬಹುದು. ವಿಶ್ಲೇಷಕರ ವರದಿ 14 ದಿನಗಳಲ್ಲಿ ಬರಬೇಕು. ಅದು ಒಪ್ಪಿಗೆಯಾಗದಿದ್ದರೆ, ವರದಿ ಕೈಸೇರಿದ 30 ದಿನಗಳೊಳಗೆ ನಿಯೋಜಿತ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು. ಎರಡು ವರದಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಮಾದರಿ ನಿರ್ದೇಶಕ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿನ ತೀರ್ಮಾನವೇ ಅಂತಿಮ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಇಂಥದೊಂದು ಪ್ರಯೋಗಾಲಯ. ನಾಲ್ಕನೆಯ ಭಾಗ ಅಧಿಕೃತವಲ್ಲದ ಪ್ರಯೋಗಾಲಯಕ್ಕೆ ಹೋದರೆ ಆ ವರದಿ ಯಾವ ಕೆಲಸಕ್ಕೂ ಬಾರದು.

ಸಾವಯವ ಪತ್ರದ ವಿಷಯ

ಸಾವಯವವೆಂದು ಮಾರುವ ಆಹಾರಕ್ಕೆ 2017ರ ನಿಯಮಾವಳಿ ಎರಡು ದಾರಿಗಳನ್ನು ಒಪ್ಪಿದೆ. ಒಂದು, ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದಡಿ ಮಾನ್ಯತೆ ಪಡೆದ ಸಂಸ್ಥೆಯ ಪ್ರಮಾಣನ. ಈ ಕಾರ್ಯಕ್ರಮವನ್ನು ಅಪೆಡಾ ನೋಡಿಕೊಳ್ಳುತ್ತದೆ. ಇನ್ನೊಂದು, ರೈತರ ಗುಂಪೇ ಪರಸ್ಪರ ತಪಾಸಣೆ ಮಾಡಿಕೊಳ್ಳುವ ಪಿ.ಜಿ.ಎಸ್. ಪದ್ಧತಿ. ಎರಡನೆಯದು ದೇಶದೊಳಗಿನ ಮಾರಾಟಕ್ಕೆ ಮಾತ್ರ ಸಲ್ಲುತ್ತದೆ.

ಮೊದಲನೆಯ ದಾರಿ ದೀರ್ಘವಾದುದು. ಭತ್ತದಂಥ ವಾರ್ಷಿಕ ಬೆಳೆಗೆ ಬಿತ್ತನೆಗೆ ಮುಂಚೆ ಸಾಮಾನ್ಯವಾಗಿ 2 ವರ್ಷ, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ ಕೊಯ್ಲಿಗೆ ಮುಂಚೆ 3 ವರ್ಷ ಪರಿವರ್ತನೆಯ ಅವಧಿ ಕಳೆಯಬೇಕು. ಅಷ್ಟು ಕಾಲ ಗೊಬ್ಬರದ ಲೆಕ್ಕ ಬರೆದಿಟ್ಟು, ಕೀಟದ ಕಾಟ ಸಹಿಸಿ, ಕೊನೆಗೆ ಪತ್ರ ಕೊಟ್ಟ ಸಂಸ್ಥೆಗೇ ಮಾನ್ಯತೆ ಇಲ್ಲವೆಂದು ತಿಳಿದರೆ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಇದು ಬರಿಯ ಊಹೆಯಲ್ಲ. ಭಾರತದ ಎಳ್ಳು ಮುಂತಾದ ಸರಕಿನಲ್ಲಿ ಎಥಿಲೀನ್ ಆಕ್ಸೈಡ್ ಎಂಬ ರಾಸಾಯನಿಕ ಕಂಡುಬಂದ ಕಾರಣ ಯೂರೋಪು ಒಕ್ಕೂಟವು ಭಾರತದಲ್ಲಿ ಕೆಲಸ ಮಾಡುತ್ತಿದ್ದ ಐದು ಪ್ರಮಾಣನ ಸಂಸ್ಥೆಗಳನ್ನು 2022ರ ಜನವರಿಯಿಂದ ತನ್ನ ಪಟ್ಟಿಯಿಂದ ಕೈಬಿಟ್ಟಿತು. ಆ ಸಂಸ್ಥೆಗಳ ಪತ್ರವನ್ನು ನಂಬಿದ್ದ ಬೆಳೆಗಾರರು ಎಳ್ಳು ಬೆಳೆಯದಿದ್ದರೂ ಯೂರೋಪಿನ ಸಾವಯವ ಮಾರುಕಟ್ಟೆಗೆ ಬೇರೆ ಸಂಸ್ಥೆಯನ್ನು ಹುಡುಕಬೇಕಾಯಿತು. ಒಂದು ದೇಶದ ಮಾನ್ಯತೆ ಇನ್ನೊಂದು ದೇಶದಲ್ಲಿ ನಡೆಯುವುದು ಆ ದೇಶ ಒಪ್ಪಿದಷ್ಟು ದಿನ ಮಾತ್ರ.

ಹಣ ಕಟ್ಟುವ ಮೊದಲು ನೋಡಬೇಕಾದುವು

1. ಸಂಸ್ಥೆಗೆ ಮಾನ್ಯತೆ ಕೊಟ್ಟವರು ಯಾರು? ಮಾನ್ಯತಾ ಪತ್ರದ ಪ್ರತಿ ಕೇಳಿ ಪಡೆಯಿರಿ.

2. ನಿಮ್ಮ ಬೆಳೆ, ನಿಮಗೆ ಬೇಕಾದ ಪರೀಕ್ಷೆ ಅದರ ವ್ಯಾಪ್ತಿಯಲ್ಲಿದೆಯೆ?

3. ಅವಧಿ ಯಾವ ದಿನಾಂಕಕ್ಕೆ ಮುಗಿಯುತ್ತದೆ? ಮಾನ್ಯತೆಯನ್ನು ನಡುವೆ ತಡೆಹಿಡಿದಿದ್ದಾರೆಯೆ?

4. ನೀವು ಮಾರುವ ಪೇಟೆ ಆ ಮಾನ್ಯತೆಯನ್ನು ಒಪ್ಪುತ್ತದೆಯೆ?

ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯನ್ನು ಪ್ರಾಧಿಕಾರ ಮತ್ತು ಅಪೆಡಾ ಪ್ರಕಟಿಸುತ್ತವೆ. ವಿಸ್ತರಣಾ ಕಾರ್ಯಕರ್ತರು ಇದನ್ನು ಆಗಾಗ ನೋಡಿ ತಮ್ಮ ಹಳ್ಳಿಗಳ ಸಂಘಗಳಿಗೆ ತಿಳಿಸುವುದು ಒಳ್ಳೆಯದು. ಬೀಜದ ಚೀಟಿ ನೋಡುವ ಎಚ್ಚರವನ್ನೇ ಪ್ರಮಾಣಪತ್ರದ ವಿಷಯದಲ್ಲೂ ವಹಿಸಿದರೆ ರೈತರ ದುಡಿಮೆಗೆ ತಕ್ಕ ಬೆಲೆ ಕೈತಪ್ಪುವುದಿಲ್ಲ.