ವಂಶಾವಳಿಯಲ್ಲಿ ಸಂಕ್ಷೇಪಾಕ್ಷರಗಳು

ರಸಾಯನಶಾಸ್ತ್ರದ ಮೊದಲ ಪಾಠಗಳಲ್ಲಿಯೇ ವಿದ್ಯಾರ್ಥಿಗಳು ಒಂದು ಎಚ್ಚರಿಕೆಯನ್ನು ಕಲಿಯುತ್ತಾರೆ. ರೋಮನ್ ಲಿಪಿಯ ದೊಡ್ಡ ‘ಸಿ’ಯ ಪಕ್ಕದಲ್ಲಿ ಚಿಕ್ಕ ‘ಓ’ ಬರೆದರೆ ಅದು ಕೋಬಾಲ್ಟ್ ಎಂಬ ಲೋಹ; ಎರಡನ್ನೂ ದೊಡ್ಡದಾಗಿ ಬರೆದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಭೌತಶಾಸ್ತ್ರದಲ್ಲಿಯೂ ಹೀಗೆಯೇ. ಮಾನದ ಹಿಂದೆ ಚಿಕ್ಕ ‘ಎಂ’ ಬಂದರೆ ಸಾವಿರದಲ್ಲೊಂದು ಪಾಲು, ದೊಡ್ಡ ‘ಎಂ’ ಬಂದರೆ ಹತ್ತು ಲಕ್ಷ ಪಟ್ಟು. ಉತ್ತರಪತ್ರಿಕೆಯಲ್ಲಿ ಇದನ್ನು ತಪ್ಪಿದವರ ಅಂಕಗಳನ್ನು ನಾವು ನಿರ್ದಾಕ್ಷಿಣ್ಯವಾಗಿ ಕಳೆಯುತ್ತೇವೆ. ಆದರೆ ಅದೇ ಎಚ್ಚರಿಕೆ ಮನೆಯ ಹಳೆಯ ಪುಸ್ತಕವೊಂದರ ಮುಂದೆ ಕುಳಿತಾಗ ನಮಗೇ ಮರೆತುಹೋಯಿತು.

ಆ ಪುಸ್ತಕ ಹೊಳೆನರಸೀಪುರದಲ್ಲಿ ನಮ್ಮ ಮುತ್ತಾತನವರು ಬರೆಯಲಾರಂಭಿಸಿದ್ದು. ಮನೆಯ ಹುಟ್ಟು, ಮದುವೆ, ಸಾವುಗಳನ್ನು ಅವರು ಒಂದೊಂದು ಸಾಲಿನಲ್ಲಿ ಗುರುತು ಮಾಡಿದ್ದರು. ಅವರ ತರುವಾಯ ನಮ್ಮ ತಾತನವರು ಅದನ್ನು ಮುಂದುವರಿಸಿದರು. ಕೆಲವು ವರ್ಷಗಳ ಹಿಂದೆ ನಾವು ಅದನ್ನು ಆಧಾರವಾಗಿಟ್ಟುಕೊಂಡು ವಂಶವೃಕ್ಷವೊಂದನ್ನು ಬರೆದೆವು. ತಾತನ ತಂಗಿಯೊಬ್ಬರ ಹೆಸರಿನ ಮುಂದೆ ‘ಮ. ವಿಕ್ರಮ ಮಾಘ ಶು. 5. ಅ.’ ಎಂದಿತ್ತು. ‘ಮ.’ ಎಂದರೆ ಮರಣವೆಂದು ತಿಳಿದು, ಆಕೆ 1941ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರೆಂದು ಬರೆದು, ಆ ಕೊಂಬೆಯನ್ನು ಅಲ್ಲಿಗೇ ನಿಲ್ಲಿಸಿದೆವು. ಮುಂದೆ ಮದುವೆಮನೆಯೊಂದರಲ್ಲಿ ಆ ಹಾಳೆಯನ್ನು ಬಂಧುಗಳಿಗೆ ತೋರಿಸುತ್ತಿದ್ದಾಗ, ಅರಕಲಗೂಡಿನಿಂದ ಬಂದಿದ್ದ ಎಂಬತ್ತರ ಹತ್ತಿರದ ವೃದ್ಧೆಯೊಬ್ಬರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ಅದನ್ನೇ ನೋಡಿದರು. ಅನಂತರ ಮೆಲ್ಲಗೆ ಕೇಳಿದರು: “ಹಂಗಾದ್ರೆ ನಮ್ಮಮ್ಮ ಸತ್ತ ಮೇಲೆ ನಾನು ಹುಟ್ಟಿದ್ನೇನಪ್ಪಾ?”

ನಾವು ತಲೆ ತಗ್ಗಿಸಿದೆವು. ಮನೆಗೆ ಬಂದು ಪುಸ್ತಕವನ್ನು ಮೊದಲಿನಿಂದ ಓದಿದಾಗ ತಪ್ಪಿನ ಬೇರು ಕಂಡಿತು. ಮುತ್ತಾತನವರು ಸಾವಿಗೆ ಎಲ್ಲೆಲ್ಲಿಯೂ ‘ದೈ.’ ಎಂದೇ ಬರೆದಿದ್ದರು, ಅದು ‘ದೈವಾಧೀನ’. ಅವರ ‘ಮ.’ ಎಂದರೆ ಮದುವೆ. ತಾತನವರಾದರೋ ಮದುವೆಗೆ ‘ವಿ.’ ಎಂದೂ ಸಾವಿಗೆ ‘ಮ.’ ಎಂದೂ ಬರೆದರು. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ನಿಯಮ ತಪ್ಪಿದವರಲ್ಲ. ಇಬ್ಬರ ಬರಹವೂ ಒಂದೇ ರಟ್ಟಿನೊಳಗೆ ಸೇರಿ, ಅರ್ಥಸೂಚಿ ಮಾತ್ರ ಎಲ್ಲಿಯೂ ಇಲ್ಲದೆ ಹೋದುದರಿಂದ, ಒಬ್ಬರ ಅಕ್ಷರವನ್ನು ನಾವು ಇನ್ನೊಬ್ಬರ ಅರ್ಥದಿಂದ ಓದಿದೆವು. ಮಾಘಮಾಸ ಮದುವೆಗಳ ಕಾಲವೆಂಬುದಾದರೂ ಹೊಳೆಯಬೇಕಾಗಿತ್ತು! ಕೊನೆಯ ‘ಅ.’ ಎಂಬುದು ವರನ ಊರಾದ ಅರಕಲಗೂಡು. ಅರಸೀಕೆರೆಯೂ ಇದೇ ಜಿಲ್ಲೆಯದಾದ್ದರಿಂದ, ಆ ವೃದ್ಧೆ ಎದುರಿಗಿಲ್ಲದಿದ್ದರೆ ಅದನ್ನೂ ನಿರ್ಣಯಿಸುವುದು ಕಷ್ಟವಾಗುತ್ತಿತ್ತು.

ಆ ಒಂದೇ ಸಾಲಿನಲ್ಲಿ ಇನ್ನೂ ಎರಡು ತೊಡಕುಗಳಿವೆ. ‘ಶು.’ ಎಂಬುದು ಶುದ್ಧ ಅಥವಾ ಶುಕ್ಲಪಕ್ಷವೂ ಆಗಬಹುದು, ಶುಕ್ರವಾರವೂ ಆಗಬಹುದು. ಸಂವತ್ಸರದ ಹೆಸರು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಬರುತ್ತದೆ; 1940-41 ವಿಕ್ರಮವಾದರೆ 2000-01 ಕೂಡ ವಿಕ್ರಮವೇ. ಹಳೆಯ ಕಾಗದಗಳಲ್ಲಿ ಕಾಣುವ ‘ಶ.’ ಎಂಬುದು ಶಕವರ್ಷವೋ ಕ್ರಿಸ್ತಶಕವೋ ಎಂದು ತಿಳಿಯದಿದ್ದರೆ ಲೆಕ್ಕ ಸುಮಾರು 78 ವರ್ಷ ಸರಿಯುತ್ತದೆ. ಎಂದರೆ ಮೂರು ತಲೆಮಾರುಗಳಷ್ಟು ತಪ್ಪು! ‘ದಿ.’ ಎಂಬುದು ದಿನಾಂಕವೂ ಹೌದು, ದಿವಂಗತವೂ ಹೌದು.

ಇನ್ನು ಹೆಸರಿನ ಹಿಂದಿನ ಅಕ್ಷರಗಳ ವಿಚಾರ. ನಮ್ಮ ಸೀಮೆಯಲ್ಲಿ ಮೊದಲಕ್ಷರ ಊರಿನದು, ಎರಡನೆಯದು ತಂದೆಯದು ಎಂಬುದು ಸಾಮಾನ್ಯವಾದ ರೂಢಿ. ಮಾಜಿ ಪ್ರಧಾನಿ ಎಚ್. ಡಿ. ದೇವೇಗೌಡರು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರು. ಅವರ ‘ಎಚ್’ ಹರದನಹಳ್ಳಿ, ‘ಡಿ’ ತಂದೆ ದೊಡ್ಡೇಗೌಡರು. ಅವರ ಮಗ ಎಚ್. ಡಿ. ಕುಮಾರಸ್ವಾಮಿಯವರ ‘ಎಚ್’ ಅದೇ ಹರದನಹಳ್ಳಿ. ಆದರೆ ‘ಡಿ’ ದೇವೇಗೌಡರು. ಅಕ್ಷರಗಳು ಒಂದೇ ಎಂಬ ಕಾರಣದಿಂದ ಇಬ್ಬರನ್ನೂ ಒಬ್ಬ ತಂದೆಯ ಮಕ್ಕಳೆಂದು ಬರೆಯುವವನು ಒಂದು ತಲೆಮಾರನ್ನೇ ನುಂಗಿಹಾಕುತ್ತಾನೆ. ಪ್ರಸಿದ್ಧರ ವಿಷಯದಲ್ಲಿ ಇಂಥ ತಪ್ಪು ಕೂಡಲೇ ಬಯಲಾಗುತ್ತದೆ. ನಮ್ಮ ನಿಮ್ಮ ಮನೆಗಳಲ್ಲಿ ಅದನ್ನು ತಿದ್ದುವವರು ಯಾರು?

ಊರಿನ ಅಕ್ಷರವನ್ನು ಹುಟ್ಟೂರೆಂದು ತಿಳಿಯುವುದೂ ಅಪಾಯವೇ. ಕಾದಂಬರಿಕಾರ ಅ. ನ. ಕೃಷ್ಣರಾಯರ ‘ಅ’ ಅರಕಲಗೂಡು. ಅವರು 1908ರಲ್ಲಿ ಹುಟ್ಟಿದ್ದು ಕೋಲಾರದಲ್ಲಿ. ಆ ಅಕ್ಷರ ಹೇಳುವುದು ಮನೆತನದ ಮೂಲವನ್ನು, ಹೆರಿಗೆಯ ಸ್ಥಳವನ್ನಲ್ಲ. ಹಾಗೆಂದು ಅದನ್ನು ಕಡೆಗಣಿಸಲೂ ಆಗದು. ಗೊರೂರಿನ ಬಳಿ ಹೇಮಾವತಿ ಜಲಾಶಯವಾದಾಗ ಎಷ್ಟೋ ಊರುಗಳು ನೀರಿನಲ್ಲಿ ಮುಳುಗಿದವು. ಅಂಥ ಊರನ್ನು ಬಿಟ್ಟುಬಂದವರ ಮೊಮ್ಮಕ್ಕಳಿಗೆ ಹೆಸರಿನ ಹಿಂದಿನ ಆ ಒಂದಕ್ಷರವೇ ಊರಿನ ಗುರುತಾಗಿ ಉಳಿಯುವುದುಂಟು. ಅದು ಯಾವ ಊರೆಂದು ಹೇಳಬಲ್ಲ ಹಿರಿಯರು ಇರುವಾಗಲೇ ಪೂರ್ಣವಾಗಿ ಬರೆದಿಟ್ಟುಕೊಳ್ಳಬೇಕು.

ಇಲ್ಲಿ ಲಿಪಿಯೂ ತನ್ನ ಆಟವನ್ನು ಆಡುತ್ತದೆ. ಹಾಸನ, ಹೊಳೆನರಸೀಪುರ, ಹರದನಹಳ್ಳಿ ಮೂರೂ ರೋಮನ್ ಲಿಪಿಯಲ್ಲಿ ‘ಎಚ್’ ಒಂದೇ ಆಗುತ್ತವೆ. ಕನ್ನಡದಲ್ಲಿಯಾದರೆ ‘ಹಾ’, ‘ಹೊ’, ‘ಹ’ ಎಂದು ಬೇರೆಯಾಗಿಯೇ ನಿಲ್ಲುತ್ತವೆ. ಆದರೆ ಎರಡು ಪದ್ಧತಿಗಳನ್ನು ಬೆರೆಸಿದರೆ ಹೊಸ ಗೊಂದಲ ಹುಟ್ಟುತ್ತದೆ. ‘ಸಿ.’ ಎಂದು ಬರೆದಿದ್ದರೆ ಅದು ಚನ್ನರಾಯಪಟ್ಟಣದ ಇಂಗ್ಲಿಷ್ ಮೊದಲಕ್ಷರವೋ, ಸಿದ್ದಾಪುರದ ಕನ್ನಡ ಮೊದಲಕ್ಷರವೋ? ‘ಬಿ’, ‘ಕೆ’, ‘ಟಿ’ಗಳ ಪಾಡೂ ಇದೇ.

ವಿದ್ವಾಂಸರೂ ಈ ಸಮಸ್ಯೆಯನ್ನು ಎದುರಿಸಿದ್ದಾರೆ. ಬಿ. ಎಲ್. ರೈಸ್ ಅವರು 1902ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ ಹಾಸನ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ, ಪ್ರತಿಯೊಂದು ತಾಲ್ಲೂಕಿಗೂ ಎರಡೆರಡು ರೋಮನ್ ಅಕ್ಷರಗಳ ಗುರುತನ್ನಿಟ್ಟು ಶಾಸನಗಳಿಗೆ ಸಂಖ್ಯೆ ಕೊಟ್ಟರು. ಅರಕಲಗೂಡಿಗೆ ‘ಎ-ಜಿ’, ಚನ್ನರಾಯಪಟ್ಟಣಕ್ಕೆ ‘ಸಿ-ಎನ್’. ಹಾಸನಕ್ಕೂ ಹೊಳೆನರಸೀಪುರಕ್ಕೂ ‘ಎಚ್-ಎನ್’ ಎಂಬ ಅಕ್ಷರಗಳೇ. ಹಾಸನದ ‘ಎನ್’ ಚಿಕ್ಕದು, ಹೊಳೆನರಸೀಪುರದ್ದು ದೊಡ್ಡದು. ಕೋಬಾಲ್ಟು ಮತ್ತು ವಿಷಾನಿಲಗಳ ಕಥೆಯೇ ಇಲ್ಲಿಯೂ! ಸಂಪುಟದೊಳಗೆ ಇದು ನಿರ್ದುಷ್ಟ. ಆದರೆ ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲವಾಗಿ, ಉದ್ಧರಿಸುವಾಗ ಎರಡು ತಾಲ್ಲೂಕುಗಳೂ ಒಂದಾಗುತ್ತವೆ. ಸಾಮಾನ್ಯವಾಗಿ ಅಕ್ಷರಗಳ ಗಾತ್ರವನ್ನು ಗಣಿಸದೆ ಹುಡುಕುವ ಇಂದಿನ ಗಣಕಯಂತ್ರವೂ ಇದೇ ತಪ್ಪನ್ನು ಮಾಡುತ್ತದೆ. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಸಂಖ್ಯೆಗಳು ಬದಲಾದವು. ಆದುದರಿಂದ ಶಾಸನವನ್ನು ಉದ್ಧರಿಸುವವರು ಯಾವ ಆವೃತ್ತಿ ಎಂಬುದನ್ನೂ ಹೇಳತಕ್ಕದ್ದು.

ಹಾಗಾದರೆ ಮನೆಯ ಪುಸ್ತಕಕ್ಕೆ ಎಂಥ ಪದ್ಧತಿ ಯೋಗ್ಯ? ನಾವು ಈಗ ಅನುಸರಿಸುವುದನ್ನು ಹೇಳುತ್ತೇವೆ. ಜನನಕ್ಕೆ ‘ಜ.’, ವಿವಾಹಕ್ಕೆ ‘ವಿ.’, ನಿಧನಕ್ಕೆ ‘ನಿ.’, ‘ಮ’ಕಾರವನ್ನು ಸಂಪೂರ್ಣವಾಗಿ ಬಹಿಷ್ಕರಿಸಿದ್ದೇವೆ. ತಿಂಗಳ ಹೆಸರನ್ನು ಮೊಟಕುಗೊಳಿಸುವುದಿಲ್ಲ, ‘ಜ.’ ಎಂದು ಬರೆದು ಜನವರಿಯನ್ನು ಜನನ ಮಾಡುವುದು ಬೇಡ. ದತ್ತುವಿನಂಥ ಮಾತು ಮೊದಲೇ ಚಿಕ್ಕದು, ಅದನ್ನು ಇನ್ನೂ ಕತ್ತರಿಸುವುದರಿಂದ ಉಳಿಯುವ ಶಾಯಿ ಎಷ್ಟು? ಊರುಗಳಿಗೆ ಜನರ ಬಾಯಲ್ಲಿ ಹೊ.ನ. ಪುರ, ಚ.ರಾ. ಪಟ್ಟಣ ಎಂಬ ಹ್ರಸ್ವರೂಪಗಳು ಇದ್ದೇ ಇವೆ. ಅವುಗಳಿಂದಲೇ ‘ಹೊನಪು.’, ‘ಚರಾಪ.’ ಎಂದು ಮಾಡಿಕೊಂಡೆವು, ಹಾಸನ ‘ಹಾಸ.’, ಅರಕಲಗೂಡು ‘ಅರಗೂ.’ ಬರಿಯ ‘ನರಸೀಪುರ’ ಎಂದರೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಆಗಬಹುದು. ‘ಚನ್ನ.’ ಎಂದರೆ ಚನ್ನಪಟ್ಟಣವೂ ಆಗಬಹುದು. ಚನ್ನರಾಯಪಟ್ಟಣವೆಂಬ ಹೋಬಳಿ ದೇವನಹಳ್ಳಿ ತಾಲ್ಲೂಕಿನಲ್ಲಿಯೂ ಇರುವುದರಿಂದ ಅರ್ಥಸೂಚಿಯಲ್ಲಿ ಜಿಲ್ಲೆಯನ್ನೂ ಬರೆದಿದ್ದೇವೆ.

ಹಳೆಯ ದಾಖಲೆಯಿಂದ ನಕಲು ಮಾಡುವಾಗ ಮಾತ್ರ ಈ ಪದ್ಧತಿಯನ್ನು ಹೇರಬಾರದು. ಪಹಣಿಯಲ್ಲೋ ಕ್ರಯಪತ್ರದಲ್ಲೋ ‘ಬಿನ್’ ಎಂದಿದ್ದರೆ ಇಂಥವರ ಮಗ, ‘ಕೋಂ’ ಎಂದಿದ್ದರೆ ಇಂಥವರ ಹೆಂಡತಿ. ಅವನ್ನು ಇದ್ದಂತೆಯೇ ಬರೆದುಕೊಂಡು, ನಮ್ಮ ಅರ್ಥವನ್ನು ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಬರೆಯಬೇಕು. ಪ್ರಯೋಗಶಾಲೆಯಲ್ಲಿ ಉಪಕರಣ ತೋರಿಸಿದ ಅಂಕಿಯನ್ನು ಒಂದು ಕಡೆ, ಅದರಿಂದ ಲೆಕ್ಕಹಾಕಿದ ಫಲವನ್ನು ಇನ್ನೊಂದು ಕಡೆ ಬರೆಯುವುದಿಲ್ಲವೆ? ಹಾಗೆ ಮಾಡಿದರೆ ಊಹೆ ತಪ್ಪಾದರೂ ಮೂಲ ಕೆಡದು.

ಗಣಿತಪ್ರಿಯರಿಗೆ ಇನ್ನೊಂದು ಉಪಾಯವಿದೆ. ಯೂರೋಪಿನ ವಂಶಶೋಧಕರು ತಮಗೆ 1 ಎಂಬ ಸಂಖ್ಯೆ ಕೊಟ್ಟುಕೊಂಡು, ಯಾರದೇ ಸಂಖ್ಯೆಯನ್ನು ಇಮ್ಮಡಿಸಿ ಅವರ ತಂದೆಗೂ, ಇಮ್ಮಡಿಗೆ ಒಂದನ್ನು ಕೂಡಿಸಿ ತಾಯಿಗೂ ಕೊಡುತ್ತಾರೆ. ತಂದೆ 2, ತಾತ 4, ತಾತನ ತಾಯಿ 9. ಇದರಲ್ಲಿ ತಾಯಂದಿರು ಬಿಟ್ಟುಹೋಗುವುದಿಲ್ಲ ಎಂಬುದು ದೊಡ್ಡ ಗುಣ. ಆದರೆ ತಾತನ ತಂಗಿಗೆ ಇದರಲ್ಲಿ ಸಂಖ್ಯೆಯೇ ಇಲ್ಲ. ನಮ್ಮ ಕಥೆಯ ನಾಯಕಿ ಮತ್ತೆ ಹೊರಗೇ ಉಳಿಯುತ್ತಾಳೆ. ಆದ್ದರಿಂದ ಪಕ್ಕದ ಕೊಂಬೆಗಳಿಗೆ ಬರಹವೇ ಗತಿ.

ಪುಸ್ತಕದ ಮೊದಲ ಪುಟಕ್ಕೆ ಈಗ ಅರ್ಥಸೂಚಿಯ ಹಾಳೆಯೊಂದನ್ನು ಅಂಟಿಸಿದ್ದೇವೆ. ಅದರಲ್ಲಿ ಮೂರು ಕಲಮುಗಳು: ಮುತ್ತಾತನವರ ಅಕ್ಷರ, ತಾತನವರ ಅಕ್ಷರ, ನಮ್ಮದು. ಅರಕಲಗೂಡಿಗೆ ಹೋಗಿ ಆ ವೃದ್ಧೆಯನ್ನು ಕಂಡು ಅವರ ಕೊಂಬೆಯನ್ನು ಬರೆಸಿಕೊಂಡೆವು. ಮಕ್ಕಳು ಮೊಮ್ಮಕ್ಕಳು ಸೇರಿ ಒಂದೂವರೆ ಪುಟವಾಯಿತು. ತಾಯಿ ತೀರಿಕೊಂಡ ಇಸವಿ ಅವರಿಗೆ ನೆನಪಿರಲಿಲ್ಲ, ಸಂವತ್ಸರ ನೆನಪಿತ್ತು. ‘ನಿ. ಕ್ರೋಧನ ಸಂವತ್ಸರ, ಅರಗೂ.’ ಎಂದು ಅವರು ಹೇಳಿದಂತೆಯೇ ಬರೆದು, ಪಕ್ಕದಲ್ಲಿ ಕೆಂಪು ಶಾಯಿಯಿಂದ 1985-86 ಎಂದು ಸೇರಿಸಿದೆವು.